ಶಾಲೆಯ ಸೂರಿನ ಕಲ್ನಾರು: ಹೊಣೆ ಯಾರದು?

ಒಂದು ಬೇಸಿಗೆ ರಜೆಯಲ್ಲಿ ಸಭೆಯೊಂದರ ನಿಮಿತ್ತ ಮೈಸೂರಿಗೆ ಹೋಗಿದ್ದೆ. ಉಳಿದುಕೊಂಡ ಮನೆಯ ಪಕ್ಕದಲ್ಲೇ ಒಂದು ಶಾಲೆ. ಆಲಿಕಲ್ಲು ಮಳೆಗೆ ಅದರ ಎರಡು ತರಗತಿ ಕೋಣೆಗಳ ಮತ್ತು ಸೈಕಲ್ ಶೆಡ್ಡಿನ ಶೀಟುಗಳು ಒಡೆದಿದ್ದವು. ಶಾಲೆ ತೆರೆಯುವ ಮೊದಲು ಕೆಲಸ ಮುಗಿಯಬೇಕೆಂಬ ಆತುರ. ಇಬ್ಬರು ಕಾರ್ಮಿಕರು ಹಳೆಯ ಶೀಟುಗಳನ್ನು ಸುತ್ತಿಗೆಯಿಂದ ಒಡೆದು ಕೆಳಗೆ ಎಸೆಯುತ್ತಿದ್ದರು. ಮುಖಕ್ಕೆ ಒಂದು ಟವೆಲ್ ಕೂಡ ಕಟ್ಟಿರಲಿಲ್ಲ. ಅದೇ ಅಂಗಳದ ಇನ್ನೊಂದು ಮೂಲೆಯಲ್ಲಿ ನೆರೆಹೊರೆಯ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಶೀಟಿನ ರಾಶಿಗೆ ಬಿದ್ದಾಗಲೆಲ್ಲ ಒಬ್ಬ ಹುಡುಗ ಬಿಳಿ ಧೂಳಿನೊಳಗೆ ಕೈ ಹಾಕಿ ಹೆಕ್ಕುತ್ತಿದ್ದ. ಸಂಜೆ ಚೂರುಗಳನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿದರು. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದೆ. "ಎಲ್ಲಾದ್ರೂ ಗುಂಡಿ ಇರೋ ಕಡೆ ಹಾಕ್ತೀವಿ ಸ್ವಾಮಿ" ಎಂದರು.

ಆ ಶಾಲೆಯವರು ಕೆಟ್ಟವರಲ್ಲ. ಮಕ್ಕಳು ಮಳೆಯಲ್ಲಿ ನೆನೆಯಬಾರದೆಂದೇ ಅವರು ಅಷ್ಟು ಅವಸರ ಮಾಡಿದ್ದು. ಆದರೆ ಆ ಕೆಲಸ ಹೇಗೆ ಆಗಬೇಕು, ಅದರ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಅಂದು ನನಗೂ ತಿಳಿದಿರಲಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಶಾಲೆ, ಹಾಸ್ಟೆಲ್, ಬಾಲವಾಡಿ, ಸಭಾಭವನ ಇಲ್ಲದ ಊರು ಕಡಿಮೆ. ಆದ್ದರಿಂದ ಈ ಪ್ರಶ್ನೆ ಮೈಸೂರಿನದು ಮಾತ್ರವಲ್ಲ, ನಮ್ಮದೂ ಹೌದು.

ಕಲ್ನಾರು ಎಂದರೇನು?

ನಾವು ಸಿಮೆಂಟ್ ಶೀಟು ಎಂದು ಕರೆಯುವುದರಲ್ಲಿ ಸಾಮಾನ್ಯವಾಗಿ ಸುಮಾರು ಹತ್ತನೇ ಒಂದು ಪಾಲು ಆಸ್ಬೆಸ್ಟಾಸ್, ಅಂದರೆ ಕಲ್ನಾರು ಇರುತ್ತದೆ. ಅದು ಕಲ್ಲಿನಿಂದ ಸಿಗುವ ನಾರು. ಬೆಂಕಿಗೆ ಸುಡದು, ನೀರಿಗೆ ಕೊಳೆಯದು, ಸಿಮೆಂಟಿಗೆ ಬಲ ಕೊಡುತ್ತದೆ, ಬೆಲೆಯೂ ಕಡಿಮೆ. ಹೀಗಾಗಿ ಬಡ ದೇಶಗಳ ಸೂರಿಗೆ ಇದು ವರವೆಂದೇ ಎಣಿಸಲಾಗಿತ್ತು. ಈ ಖನಿಜ ನಮ್ಮ ನಾಡಿಗೆ ಹೊಸದೇನೂ ಅಲ್ಲ. ದೇಶದಲ್ಲಿ ಗುರುತಿಸಿರುವ ಕಲ್ನಾರಿನ ನಿಕ್ಷೇಪದಲ್ಲಿ ರಾಜಸ್ಥಾನದ ನಂತರದ ಸ್ಥಾನ ಕರ್ನಾಟಕದ್ದು. ಹಾಸನ, ಮೈಸೂರು, ಮಂಡ್ಯ ಸೀಮೆಯ ಬಂಡೆಗಳಲ್ಲಿ ಅದು ಇದೆ. ಕಾರ್ಮಿಕರ ಆರೋಗ್ಯದ ಕಾರಣಕ್ಕೆ 1986ರಲ್ಲಿ ಕೇಂದ್ರ ಸರ್ಕಾರ ಹೊಸ ಗಣಿ ಗುತ್ತಿಗೆ ಕೊಡುವುದನ್ನೂ ಹಳೆಯದನ್ನು ನವೀಕರಿಸುವುದನ್ನೂ ನಿಲ್ಲಿಸಿತು. ಆದರೆ ಬಳಕೆ ನಿಲ್ಲಲಿಲ್ಲ. ರಷ್ಯಾ, ಕಜಕಸ್ತಾನ, ಬ್ರೆಜಿಲ್ ದೇಶಗಳಿಂದ ಬಿಳಿ ಕಲ್ನಾರನ್ನು ತರಿಸಿ ಶೀಟು ಮಾಡುವ ಉದ್ಯಮ ಇಂದಿಗೂ ನಡೆದಿದೆ. ನಮ್ಮ ನೆಲದಿಂದ ತೆಗೆಯುವುದು ಅಪಾಯ, ಹೊರಗಿನಿಂದ ತಂದು ತಲೆಯ ಮೇಲೆ ಹೊದಿಸುವುದು ಅಪಾಯವಲ್ಲ ಎಂಬ ಈ ನೀತಿಯ ವಿಚಿತ್ರವನ್ನು ಗಮನಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ನಿಲುವು ಸ್ಪಷ್ಟ: ಬಿಳಿ ಕಲ್ನಾರೂ ಸೇರಿ ಎಲ್ಲ ಬಗೆಯ ಕಲ್ನಾರು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ. ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮ ಎಂಬ ಅಪರೂಪದ ಕ್ಯಾನ್ಸರ್, ಶ್ವಾಸಕೋಶ ಗಡಸಾಗುವ ಆಸ್ಬೆಸ್ಟೋಸಿಸ್, ಇವು ಮುಖ್ಯ ರೋಗಗಳು. ಕೆಲಸದ ಜಾಗದಲ್ಲಿ ಈ ಧೂಳು ಸೇವಿಸಿದ ಕಾರಣಕ್ಕೆ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ಅದೇ ಸಂಸ್ಥೆಯ ಅಂದಾಜು. ರೋಗ ಕಾಣಿಸಿಕೊಳ್ಳಲು 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅರವತ್ತರಲ್ಲಿ ಧೂಳು ಸೇವಿಸಿದವನಿಗಿಂತ ಆರನೆಯ ವಯಸ್ಸಿನಲ್ಲಿ ಸೇವಿಸಿದ ಮಗುವಿಗೆ ಆ ರೋಗ ಬರುವಷ್ಟು ಆಯುಷ್ಯ ಮುಂದಿದೆ. ಶಾಲೆಯ ಪ್ರಶ್ನೆ ಬೇರೆಯೇ ಆಗುವುದು ಇದೇ ಕಾರಣಕ್ಕೆ.

ಹಾಗೆಂದು ಗಾಬರಿಯೂ ಬೇಡ. ಒಡೆಯದ, ಬಿರುಕು ಬಿಡದ, ಯಾರೂ ಕೊರೆಯದ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ. ಅಂಥ ಶೀಟಿನ ಕೆಳಗೆ ಕುಳಿತು ಓದಿದ ಮಾತ್ರಕ್ಕೆ ರೋಗ ಬಂದೇ ಬಿಡುತ್ತದೆ ಎಂದು ಹೇಳುವುದು ಸತ್ಯವಲ್ಲ. ಶೀಟು ಉದ್ಯಮದವರು ಒತ್ತಿ ಹೇಳುವ ಮಾತೂ ಇದೇ. ಆದರೆ ಶೀಟು ಶಾಶ್ವತವಲ್ಲ. ಬಿಸಿಲು ಮಳೆಗೆ ಅದರ ಮೈ ಸವೆಯುತ್ತದೆ, ಆಲಿಕಲ್ಲಿಗೆ ಒಡೆಯುತ್ತದೆ, ಫ್ಯಾನು ಹಾಕಲು ಎಲೆಕ್ಟ್ರಿಷಿಯನ್ ಅದನ್ನು ಕೊರೆಯುತ್ತಾನೆ, ಪಾಚಿ ತೆಗೆಯಲು ತಂತಿ ಬ್ರಷ್ಷಿನಿಂದ ಉಜ್ಜುತ್ತಾರೆ, ಕೊನೆಗೊಂದು ದಿನ ಸುತ್ತಿಗೆಯಿಂದ ಒಡೆದು ಕೆಳಗಿಳಿಸುತ್ತಾರೆ. ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರುವುದು ಆಗಲೇ. ಅಪಾಯ ಶೀಟು ಇರುವುದಕ್ಕಿಂತ ಅದನ್ನು ನಾವು ನಡೆಸಿಕೊಳ್ಳುವ ರೀತಿಯಲ್ಲಿದೆ.

ಹೊರ ದೇಶಗಳ ಕಾನೂನು

50ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ಆದರೆ ನಿಷೇಧದಿಂದ ಹಳೆಯ ಕಟ್ಟಡಗಳು ಶುದ್ಧವಾಗುವುದಿಲ್ಲ. ಅದಕ್ಕಾಗಿ ಇರುವ ಕಟ್ಟಡಗಳನ್ನು ನಿರ್ವಹಿಸುವ ಕಾನೂನು ಬೇಕು. ಅಮೆರಿಕ 1986ರಲ್ಲೇ ಶಾಲೆಗಳಿಗೆಂದೇ ಒಂದು ಕಾಯಿದೆ ಮಾಡಿತು. ಅದರಂತೆ ಪ್ರತಿ ಶಾಲೆ, ಖಾಸಗಿಯಾದರೂ, ಚರ್ಚ್ ನಡೆಸುವುದಾದರೂ, ಕಟ್ಟಡವನ್ನು ತಪಾಸಣೆ ಮಾಡಿಸಬೇಕು, ಕಲ್ನಾರು ಎಲ್ಲೆಲ್ಲಿದೆ ಎಂಬ ನಿರ್ವಹಣಾ ಯೋಜನೆಯನ್ನು ಶಾಲೆಯಲ್ಲೇ ಇಟ್ಟಿರಬೇಕು, ಆರು ತಿಂಗಳಿಗೊಮ್ಮೆ ಕಣ್ಗಾವಲು, ಮೂರು ವರ್ಷಕ್ಕೊಮ್ಮೆ ಮರು ತಪಾಸಣೆ ಆಗಬೇಕು, ಹೊಣೆಗಾರನೊಬ್ಬನನ್ನು ಹೆಸರಿಸಬೇಕು, ವರ್ಷಕ್ಕೊಮ್ಮೆ ಪೋಷಕರಿಗೂ ಶಿಕ್ಷಕರಿಗೂ ತಿಳಿಸಬೇಕು. ಬ್ರಿಟನ್ನಿನ 2012ರ ನಿಯಮಗಳೂ ಕಟ್ಟಡದ ನಿರ್ವಹಣೆ ಯಾರ ಕೈಯಲ್ಲಿದೆಯೋ ಅವರ ಮೇಲೆಯೇ ಹೊಣೆ ಹೊರಿಸುತ್ತವೆ. ಎಲ್ಲವನ್ನೂ ಇಂದೇ ಕಿತ್ತು ಹಾಕಿ ಎಂದು ಇವೆರಡೂ ಹೇಳುವುದಿಲ್ಲ. ಎಲ್ಲಿದೆ ಎಂದು ತಿಳಿಯಿರಿ, ಬರೆದಿಡಿ, ನೋಡುತ್ತಿರಿ, ಮುಟ್ಟುವ ಮೊದಲು ತಿಳಿದವರನ್ನು ಕರೆಯಿರಿ ಎಂಬುದೇ ಸಾರ.

ನಮ್ಮ ದೇಶದಲ್ಲಿ ಏನಿದೆ?

ಶಾಲೆಯ ಕಲ್ನಾರಿಗೆಂದೇ ಇಂಥ ಕಾಯಿದೆ ನಮ್ಮಲ್ಲಿಲ್ಲ. ಹಾಗಾದರೆ ಹೊಣೆಯೂ ಇಲ್ಲವೇ? ಇದೆ. ಅದು ಒಂದೇ ಕಡೆ ಇಲ್ಲ, ಚದುರಿದೆ, ಅಷ್ಟೇ.

ಮೊದಲನೆಯದು ಸಂವಿಧಾನ. 1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಒಂದು ದೊಡ್ಡ ತೀರ್ಪು ಕೊಟ್ಟಿತು. ಕಾರ್ಮಿಕನ ಆರೋಗ್ಯದ ಹಕ್ಕು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸಾರಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ನಾಲ್ವತ್ತು ವರ್ಷ! ಈ ರೋಗ ಎಷ್ಟು ಕಾಲ ಅಡಗಿ ಕೂರುತ್ತದೆ ಎಂಬುದನ್ನು ನ್ಯಾಯಾಲಯವೇ ಒಪ್ಪಿಕೊಂಡಂತಾಯಿತು. 2011ರ ಜನವರಿಯಲ್ಲಿ ಇನ್ನೊಂದು ಅರ್ಜಿ ಸಂಪೂರ್ಣ ನಿಷೇಧ ಕೋರಿದಾಗ ನ್ಯಾಯಾಲಯ ಒಪ್ಪಲಿಲ್ಲ. ಅದು ಶಾಸನ ಮಾಡುವವರ ಕೆಲಸ ಎಂದಿತು, ಆದರೆ 1995ರ ನಿರ್ದೇಶನಗಳು ಪಾಲನೆಯಾಗಬೇಕೆಂದು ಮತ್ತೆ ಹೇಳಿತು. ಬಿಳಿ ಕಲ್ನಾರನ್ನು ನಿಷೇಧಿಸುವ 2009ರ ಮಸೂದೆಯೊಂದು ರಾಜ್ಯಸಭೆಗೆ ಬಂದಿತ್ತು, ಕಾಯಿದೆಯಾಗಲಿಲ್ಲ.

ಎರಡನೆಯದು ಸುರಕ್ಷಿತ ಶಾಲೆಯ ಹಕ್ಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಹುಲ್ಲಿನ ಸೂರಿಗೆ ಬೆಂಕಿ ತಗುಲಿ 94 ಮಕ್ಕಳು ಸುಟ್ಟು ಸತ್ತರು. ಆ ದುರಂತದಿಂದ ಹುಟ್ಟಿದ ಅರ್ಜಿಯ ಮೇಲೆ 2009ರ ಏಪ್ರಿಲ್ 13ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತು, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ಸರ್ಕಾರಿ, ಖಾಸಗಿ ಎಂಬ ಭೇದ ಮಾಡಲಿಲ್ಲ. ಆ ಪ್ರಕರಣ ಬೆಂಕಿಯದು, ನಿಜ. ಆದರೆ ಅದರ ತತ್ವ ಬೆಂಕಿಗೆ ಮಾತ್ರ ಸೀಮಿತವಲ್ಲ. ಮಗುವನ್ನು ಶಾಲೆಗೆ ಕಳುಹಿಸಿ ಎಂದು ಒತ್ತಾಯಿಸುವ ವ್ಯವಸ್ಥೆ ಆ ಮಗು ಕೂರುವ ಜಾಗಕ್ಕೂ ಉತ್ತರ ಹೇಳಬೇಕು.

ಮೂರನೆಯದು ನೆರೆಯ ಕೇರಳದ ಮಾದರಿ. ಅಲ್ಲಿನ ರಾಜ್ಯ ಮಾನವ ಹಕ್ಕುಗಳ ಆಯೋಗ 2009ರಲ್ಲಿ ಮೂರು ಶಿಫಾರಸು ಮಾಡಿತು: ಸರ್ಕಾರಿ ಶಾಲೆಗಳ ಕಲ್ನಾರಿನ ಸೂರನ್ನು ಹಂತಹಂತವಾಗಿ ತೆಗೆದು ಹೆಂಚು ಹೊದಿಸಬೇಕು, ಖಾಸಗಿ ಶಾಲೆಗಳಿಗೆ ಅದಕ್ಕೆ ಗಡುವು ಕೊಡಬೇಕು, ಕಲ್ನಾರಿನ ಸೂರಿನಡಿ ಹೊಸ ಶಾಲೆ ಆರಂಭಿಸಲು ಬಿಡಬಾರದು. ಮೈಸೂರಿನಿಂದ ವಯನಾಡಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಗಡಿಯಾಚೆಯ ಮಗುವಿಗೆ ಅಪಾಯವೆನಿಸಿದ್ದು ಈಚೆಯ ಮಗುವಿಗೆ ಅಪಾಯವಲ್ಲದೆ ಹೋಗುತ್ತದೆಯೇ? ಶಾಲೆಗಳ ಕಲ್ನಾರಿನ ಪ್ರಶ್ನೆ ಈಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ.

ನಾಲ್ಕನೆಯದು ಶಿಕ್ಷಣದ ಕಾನೂನುಗಳು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಎಲ್ಲ ಋತುಗಳಿಗೂ ತಕ್ಕ ಕಟ್ಟಡ ಬೇಕೆನ್ನುತ್ತದೆ. ಸೂರು ಯಾವುದರದ್ದಿರಬೇಕು ಎಂದು ಹೇಳುವುದಿಲ್ಲ. ಕರ್ನಾಟಕ ಶಿಕ್ಷಣ ಕಾಯಿದೆಯಡಿ ಮಾನ್ಯತೆ ಪಡೆಯುವ, ನವೀಕರಿಸುವ ಖಾಸಗಿ ಶಾಲೆಗಳು ಕಟ್ಟಡ ಸುರಕ್ಷತೆಯ ಪ್ರಮಾಣಪತ್ರ ಕೊಡಬೇಕು. ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಶಾಲಾ ಆಡಳಿತದ ಹೊಣೆಗಾರಿಕೆ ನಿಗದಿಪಡಿಸುವ ಮಾರ್ಗಸೂಚಿ ಹೊರಡಿಸಿತು. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯಲ್ಲಿ ಶಾಲೆಯ ಸೂರು ಕುಸಿದು ಏಳು ಮಕ್ಕಳು ಸತ್ತ ಮರುದಿನವೇ ದೇಶದ ಎಲ್ಲ ಶಾಲೆಗಳ ಸುರಕ್ಷತಾ ಪರಿಶೋಧನೆಗೆ ಅದು ಸೂಚಿಸಿತು. ಎಂಜಿನಿಯರರು ಬಂದು ಗೋಡೆಯ ಬಿರುಕು ನೋಡುತ್ತಾರೆ, ತೊಲೆ ನೋಡುತ್ತಾರೆ. ಶೀಟು ಯಾವುದರದ್ದು ಎಂದೂ ಅದೇ ಹಾಳೆಯಲ್ಲಿ ಬರೆಯಲು ಹೇಳಿದರೆ ಹೆಚ್ಚಿನ ಖರ್ಚಿಲ್ಲ. 2011ರ ಜನಗಣತಿಯಲ್ಲಿ ಮನೆಗಳ ಸೂರನ್ನು ಲೆಕ್ಕ ಹಾಕುವಾಗ ಜಿಂಕ್ ಶೀಟು, ಲೋಹದ ಶೀಟು, ಕಲ್ನಾರಿನ ಶೀಟು ಮೂರನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. ಬೇರೆ ಮಾಡಿ ಎಣಿಸದ ವಸ್ತುವನ್ನು ಬೇರೆ ಮಾಡಿ ನಿರ್ವಹಿಸುವುದು ಹೇಗೆ?

ಅಲ್ಪಸಂಖ್ಯಾತ ಶಾಲೆಗಳಿಗೆ ವಿನಾಯಿತಿ ಇದೆಯೇ?

ನಮ್ಮವರಲ್ಲಿ ಕೆಲವರ ಬಾಯಿಗೆ ತಟ್ಟನೆ ಬರುವ ಪ್ರಶ್ನೆ ಇದು. ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಹೇಳಿದ್ದು ಹೌದು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ದೊಡ್ಡ ಪೀಠದ ಪರಿಶೀಲನೆ ಬಯಸಿತು. ಆದರೆ ಸೂರಿನ ಮಾತಿಗೆ ಈ ಚರ್ಚೆಯೇ ಬೇಕಿಲ್ಲ. ಕೇರಳ ಶಿಕ್ಷಣ ಮಸೂದೆಯ ಬಗ್ಗೆ 1958ರಲ್ಲಿ ಅಭಿಪ್ರಾಯ ಕೊಡುವಾಗಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತ್ತು: ಶಾಲೆಯನ್ನು ಆಡಳಿತ ಮಾಡುವ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲ. ಆ ಪ್ರಕರಣದಲ್ಲಿ ನಮ್ಮ ಸಂಸ್ಥೆಗಳ ಹಕ್ಕು ಉಳಿಯಿತೆಂದು ನಾವು ಹೆಮ್ಮೆಪಡುತ್ತೇವೆ. ಅದೇ ಅಭಿಪ್ರಾಯದ ಇನ್ನೊಂದು ಮುಖವನ್ನೂ ಒಪ್ಪಬೇಕು. 30ನೇ ವಿಧಿ ನಮಗೆ ಶಾಲೆ ನಡೆಸುವ ಸ್ವಾತಂತ್ರ್ಯ ಕೊಟ್ಟಿದೆ, ಒಡೆದ ಶೀಟಿನ ಕೆಳಗೆ ಮಕ್ಕಳನ್ನು ಕೂರಿಸುವ ಸ್ವಾತಂತ್ರ್ಯವನ್ನಲ್ಲ.

ಧರ್ಮಸಭೆಯ ಕಾನೂನೂ ಇದನ್ನೇ ಹೇಳುತ್ತದೆ. 1983ರ ಧರ್ಮಸಭಾ ಸಂಹಿತೆಯ 1284ನೇ ನಿಯಮದಂತೆ ಧರ್ಮಸಭೆಯ ಆಸ್ತಿ ನೋಡಿಕೊಳ್ಳುವವರು ಒಳ್ಳೆಯ ಮನೆಯಜಮಾನನ ಶ್ರದ್ಧೆಯಿಂದ ಕೆಲಸ ಮಾಡಬೇಕು, ನಾಡಿನ ಕಾನೂನನ್ನೂ ಪಾಲಿಸಬೇಕು. ಆದ್ದರಿಂದ ಸೂರಿನ ವಿಷಯ ಬರೀ ಹೆಡ್‌ಮಾಸ್ಟರರದ್ದಲ್ಲ. ಸಂಚಾಲಕರದ್ದು, ಹಣಕಾಸು ಸಮಿತಿಯದ್ದು, ಪಾಲನಾ ಮಂಡಳಿಯದ್ದು.

ಕೆಡಹುವ ದಿನದ ಹೊಣೆ

ಮೈಸೂರು ಹಳೆಯ ಕಟ್ಟಡಗಳ ನಗರ. ಅವನ್ನು ಕೆಡಹುವುದೂ ಎಷ್ಟು ಅಪಾಯಕರ ಎಂಬುದಕ್ಕೆ ಮಹಾರಾಣಿ ವಿಜ್ಞಾನ ಕಾಲೇಜು ಸಾಕ್ಷಿ. 2022ರ ಅಕ್ಟೋಬರಿನಲ್ಲಿ ಅದರ ಒಂದು ಭಾಗ ಕುಸಿಯಿತು. 2025ರ ಜನವರಿ 28ರಂದು ಹಳೆಯ ಕಟ್ಟಡ ಕೆಡಹುತ್ತಿದ್ದಾಗ ಮತ್ತೆ ಕುಸಿದು ಒಬ್ಬ ಕಾರ್ಮಿಕ ಸತ್ತ. ಅದು ಕಲ್ನಾರಿನ ಪ್ರಕರಣವಲ್ಲ. ಆದರೆ ವಿದ್ಯಾಸಂಸ್ಥೆಯ ಕಟ್ಟಡ ಕೆಡಹುವ ಹೊತ್ತಿನಲ್ಲಿ ಮೊದಲ ಬಲಿ ಕೂಲಿಯಾಳು ಎಂಬ ಪಾಠ ಅಲ್ಲಿದೆ. ಕುಸಿದ ಗೋಡೆ ಅಂದೇ ಕೊಲ್ಲುತ್ತದೆ, ಮರುದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಕಲ್ನಾರಿನ ಧೂಳು ಮೂವತ್ತು ವರ್ಷದ ಮೇಲೆ ಕೊಲ್ಲುತ್ತದೆ, ಆಗ ಶಾಲೆಯ ಹೆಸರು ಯಾರಿಗೂ ನೆನಪಿರುವುದಿಲ್ಲ.

ಕಟ್ಟಡ ಕೆಡಹುವಾಗ, ದುರಸ್ತಿ ಮಾಡುವಾಗ ಜನರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದಿರುವುದು ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಮಿನಡಿ ಅಪರಾಧ. ಕಾರ್ಮಿಕರ ವಿಷಯದಲ್ಲಿ 1948ರ ಕಾರ್ಖಾನೆ ಕಾಯಿದೆಯ ಮತ್ತು 1996ರ ಕಟ್ಟಡ ಕಾರ್ಮಿಕರ ಕಾಯಿದೆಯ ಜಾಗಕ್ಕೆ ವೃತ್ತಿ ಸುರಕ್ಷತೆಯ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಶೀಟಿನ ಸುರಕ್ಷಿತ ಬಳಕೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 11769, ತ್ಯಾಜ್ಯದ ವಿಲೇವಾರಿಗೆ ಐಎಸ್ 11768 ಎಂಬ ಮಾರ್ಗದರ್ಶಿಗಳು 1980ರ ದಶಕದಿಂದಲೂ ಇವೆ. ಕೆಲಸವನ್ನು ಗುತ್ತಿಗೆದಾರನಿಗೆ ಒಪ್ಪಿಸಿದೆವು, ನಮಗೇನು ಗೊತ್ತು ಎಂಬ ಮಾತು ಆಡಳಿತ ಮಂಡಳಿಯನ್ನು ಕಾಪಾಡುವುದಿಲ್ಲ. ಮೊದಲು ನೀತಿಯ ಲೆಕ್ಕದಲ್ಲಿ ಕಾಪಾಡುವುದಿಲ್ಲ.

ಹಣ ಎಲ್ಲಿಂದ?

ಇದು ಪ್ರಾಮಾಣಿಕ ಪ್ರಶ್ನೆ. ಶೀಟು ಹಾಕಿದವರು ಬಡತನದಿಂದ ಹಾಕಿದರು. ಹಳ್ಳಿಯ ಕನ್ನಡ ಶಾಲೆಯ ಸಿಸ್ಟರಿಗೆ ಸಂಬಳದ ಲೆಕ್ಕ ಸರಿತೂಗಿಸುವುದೇ ಕಷ್ಟವಿರುವಾಗ ಸೂರು ಬದಲಿಸಿ ಎಂದು ಇಲ್ಲಿ ಕುಳಿತು ಬರೆಯುವುದು ಸುಲಭ. ಕರಾವಳಿಯವರಾದ ನಮಗೆ ಹೆಂಚಿನ ನೆನಪು ಬೇಗ ಬರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಟ ಹೆಂಚು ದೇಶವಿಡೀ ಹೋಯಿತು. ಕೇರಳದ ಆಯೋಗ ಕೇಳಿದ್ದೂ ಹೆಂಚನ್ನೇ. ಆದರೆ ಹೆಂಚಿನ ಭಾರ ಶೀಟಿನ ಎರಡು ಪಟ್ಟಿಗೂ ಹೆಚ್ಚು. ಶೀಟಿಗೆಂದು ನಿಲ್ಲಿಸಿದ ತೆಳು ಕಬ್ಬಿಣದ ಪೈಪುಗಳ ಮೇಲೆ ಹೆಂಚು ಹೊದಿಸಿದರೆ ಬೇರೆಯೇ ದುರಂತವಾದೀತು. ಎಂಜಿನಿಯರರನ್ನು ಕೇಳದೆ ಯಾವ ಸೂರನ್ನೂ ಬದಲಿಸಬಾರದು. ಕಲ್ನಾರಿಲ್ಲದ ನಾರಿನ ಸಿಮೆಂಟ್ ಶೀಟು, ಬಣ್ಣದ ಲೋಹದ ಶೀಟು ಇವೂ ಪೇಟೆಯಲ್ಲಿ ಸಿಗುತ್ತವೆ.

ನನ್ನ ಅಭಿಪ್ರಾಯದಲ್ಲಿ ಅವಸರದಿಂದ ಎಲ್ಲವನ್ನೂ ಕಿತ್ತುಹಾಕುವುದು ಸುಮ್ಮನಿರುವುದಕ್ಕಿಂತ ಕೆಟ್ಟದ್ದು. ತಪ್ಪಾಗಿ ತೆಗೆದ ಶೀಟು ಮೂವತ್ತು ವರ್ಷ ಸುಮ್ಮನೆ ಇದ್ದ ಶೀಟಿಗಿಂತ ಹೆಚ್ಚು ಧೂಳು ಬಿಡಬಹುದು. ಆದ್ದರಿಂದ ಕ್ರಮವಾಗಿ ಹೋಗಬೇಕು.

ಒಂದು: ಶಾಲೆ, ಹಾಸ್ಟೆಲ್, ಅಡುಗೆಮನೆ, ಶೌಚಾಲಯ, ಸೈಕಲ್ ಶೆಡ್ ಎಲ್ಲವನ್ನೂ ಸುತ್ತಿ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಶೀಟಿನ ಮೇಲೆ ಐಎಸ್ 459 ಎಂಬ ಮುದ್ರೆ ಇದ್ದರೆ ಅದು ಕಲ್ನಾರಿನದು. ಐಎಸ್ 14871 ಎಂದಿದ್ದರೆ ಕಲ್ನಾರಿಲ್ಲದ್ದು. ಮುದ್ರೆ ಅಳಿಸಿದ್ದರೆ ಕಣ್ಣಳತೆಯಿಂದ ತಿಳಿಯದು; ಪ್ರಯೋಗಾಲಯದಲ್ಲಿ ಪರೀಕ್ಷಿಸುವವರೆಗೆ ಕಲ್ನಾರು ಎಂದೇ ಭಾವಿಸಿ.

ಎರಡು: ಇನ್ನು ಮುಂದೆ ಹೊಸ ಕಲ್ನಾರಿನ ಶೀಟು ಖರೀದಿಸುವುದಿಲ್ಲ ಎಂದು ಆಡಳಿತ ಮಂಡಳಿ ನಿರ್ಣಯ ಬರೆಯಲಿ. ಇದಕ್ಕೆ ಇಂದು ಒಂದು ರೂಪಾಯಿ ಖರ್ಚಿಲ್ಲ.

ಮೂರು: ಗಟ್ಟಿಯಾಗಿರುವುದನ್ನು ಮುಟ್ಟಬೇಡಿ. ಕೊರೆಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು ನಿಲ್ಲಲಿ. ಚೆಂಡು ತೆಗೆಯಲು ಮಕ್ಕಳು ಶೀಟಿನ ಮೇಲೆ ಹತ್ತಬಾರದು. ಶೀಟು ಮುರಿದು ಕೆಳಗೆ ಬೀಳುವ ಅಪಾಯ ಎಲ್ಲಕ್ಕಿಂತ ಹತ್ತಿರದ್ದು.

ನಾಲ್ಕು: ಒಡೆದದ್ದನ್ನು ಮೊದಲು ತೆಗೆಸಿ, ರಜೆಯಲ್ಲಿ, ಮಕ್ಕಳಿಲ್ಲದಾಗ, ಅಂಗಳದ ಗೇಟು ಮುಚ್ಚಿ. ನೀರು ಹಾಯಿಸಿ ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಶೀಟನ್ನು ಇಡಿಯಾಗಿ ಇಳಿಸಬೇಕು. ಒಣ ಪೊರಕೆ ಹಾಕಬಾರದು. ಕಾರ್ಮಿಕರಿಗೆ ಬಟ್ಟೆಯ ಮಾಸ್ಕ್ ಸಾಲದು, ಸೂಕ್ಷ್ಮ ಧೂಳು ತಡೆಯುವ ಮುಖಕವಚವನ್ನು ಶಾಲೆಯೇ ಕೊಡಿಸಲಿ.

ಐದು: ಚೂರುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ, ಎಲ್ಲಿಗೆ ಕಳುಹಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು ಕೇಳಿ. ಉತ್ತರ ಬರುವವರೆಗೆ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಆಟದ ಮೈದಾನದ ಗುಂಡಿ ತುಂಬಲು ಬಳಸಬೇಡಿ. ಇನ್ನೊಂದು ಮಾತು ಕಟುವಾದರೂ ಹೇಳಬೇಕು: ಹಳೆಯ ಶೀಟನ್ನು ಬಡವರಿಗೆ ದನದ ಕೊಟ್ಟಿಗೆಗೆಂದು ದಾನ ಮಾಡುವುದು ದಾನವಲ್ಲ.

ಆರು: ಪೋಷಕರ ಸಭೆಯಲ್ಲಿ ಇದನ್ನು ಮುಚ್ಚಿಡದೆ ಹೇಳಿ. ತಿಳಿಸಿದರೆ ಹೆದರಿ ಮಕ್ಕಳನ್ನು ಬಿಡಿಸುತ್ತಾರೆ ಎಂಬ ಅಂಜಿಕೆ ಇರುವುದು ಸಹಜ. ಆದರೆ ಪುಸ್ತಕ ತೆರೆದು ಇಂತಿಷ್ಟು ಕೋಣೆಗಳಿವೆ, ಇಂತಿಷ್ಟು ವರ್ಷದಲ್ಲಿ ಬದಲಿಸುತ್ತೇವೆ ಎಂದವರನ್ನು ಪೋಷಕರು ನಂಬುತ್ತಾರೆ. ಅವರಲ್ಲೇ ಒಬ್ಬರು ಎಂಜಿನಿಯರ್ ಇರಬಹುದು, ಒಬ್ಬರು ಸೂರಿನ ಕೆಲಸ ಬಲ್ಲವರಿರಬಹುದು.

ಸರ್ಕಾರದ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಮೈಸೂರಿನ ಉಪನಿರ್ದೇಶಕರ ಕಚೇರಿಯಾಗಲಿ ನಮ್ಮ ಜಿಲ್ಲೆಯದಾಗಲಿ, ಎಷ್ಟು ಶಾಲೆಗಳಲ್ಲಿ ಕಲ್ನಾರಿದೆ ಎಂಬ ಪಟ್ಟಿ ಮಾಡಿ ಪ್ರಕಟಿಸಬೇಕು; ಸರ್ಕಾರಿ ಶಾಲೆಗಳಿಗೆ ಹಣ ಇಡಬೇಕು; ಅನುದಾನಿತ ಶಾಲೆಗಳಿಗೆ ನೆರವು ಕೊಡಬೇಕು. ಇದನ್ನು ಮಾಹಿತಿ ಹಕ್ಕಿನಡಿ ಯಾವ ನಾಗರಿಕನೂ ಕೇಳಬಹುದು. ಆದರೆ ಕೇಳುವ ಮೊದಲು ನಮ್ಮ ಪುಸ್ತಕ ಬರೆದಿಟ್ಟಿದ್ದರೆ ನಮ್ಮ ಮಾತಿಗೆ ತೂಕ.

ಮೈಸೂರಿನ ಆ ಅಂಗಳದಲ್ಲಿ ಚೆಂಡು ಹೆಕ್ಕುತ್ತಿದ್ದ ಹುಡುಗನಿಗೆ ಹತ್ತು ವರ್ಷವಿದ್ದೀತು. ಅವನಿಗೆ ಏನೂ ಆಗದಿರಲಿ ಎಂದು ಪ್ರಾರ್ಥಿಸುತ್ತೇನೆ. ಬಹುಶಃ ಆಗಲಾರದು ಕೂಡ. ಆದರೆ ಅವನಿಗೆ ಐವತ್ತಾಗುವ ಹೊತ್ತಿಗೆ ಇದಕ್ಕೆ ಉತ್ತರ ಹೇಳಲು ಆ ಗುತ್ತಿಗೆದಾರ, ಆ ಆಡಳಿತ ಮಂಡಳಿ, ನಾನು ಯಾರೂ ಇರಲಿಕ್ಕಿಲ್ಲ. ಆದ್ದರಿಂದ ಉತ್ತರವನ್ನು ಈಗಲೇ ಸಿದ್ಧ ಮಾಡಬೇಕು. ಮುಂದಿನ ಪಾಲನಾ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಿಸಿ: ನಮ್ಮ ಶಾಲೆಯ ಸೂರು.